ಕೆಂಪು ಶಾಯಿಯ ಬಾಕಿ



ನಾನು ಈಚಿನವರೆಗೂ ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದ ಕಚೇರಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದಿತ್ತು. ಊರಿನ ಹೆಸರು ಬೇಡ. ನಮ್ಮ ಹೊಸೂರು ಸೀಮೆಯ ಯಾವ ಊರಾದರೂ ಆಗಬಹುದು. ಪುಸ್ತಕದಲ್ಲಿ ಕುಟುಂಬಕ್ಕೊಂದು ಪುಟ. ದೇವಾಲಯದ ಖರ್ಚಿಗೆಂದು ತಿಂಗಳಿಗೆ 20 ರೂಪಾಯಿ ವಂತಿಗೆ. ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ಜನ ಕೂಡ ಅದನ್ನು ತಮಿಳಿನಂತೆ ‘ವರಿ’ ಎಂದೇ ಕರೆಯುತ್ತಾರೆ. ಕಟ್ಟಿದವರ ಲೆಕ್ಕ ನೀಲಿ ಶಾಯಿಯಲ್ಲಿ, ಬಾಕಿ ಉಳಿಸಿಕೊಂಡವರ ಲೆಕ್ಕ ಕೆಂಪು ಶಾಯಿಯಲ್ಲಿ. ಈ ಪದ್ಧತಿ ನಾನು ಹೋಗುವ ಮೊದಲೇ ಇತ್ತು. ಮುಂದುವರಿಸಿದವನು ಮಾತ್ರ ನಾನೇ.

2025ರ ಮಾರ್ಚ್ 30, ತಪಸ್ಸುಕಾಲದ ನಾಲ್ಕನೆಯ ಭಾನುವಾರ. ಅಂದಿನ ಶುಭಸಂದೇಶ ದುಂದುಗಾರ ಮಗನ ಸಾಮತಿ. ಅದು ಜುಬಿಲಿ ವರ್ಷವೂ ಹೌದು. ಬಡದೇಶಗಳ ಸಾಲವನ್ನು ಮನ್ನಾ ಮಾಡಿರೆಂದು ಪೋಪ್ ಫ್ರಾನ್ಸಿಸ್ ಅವರು ಶ್ರೀಮಂತ ದೇಶಗಳನ್ನು ಕೇಳಿಕೊಂಡಿದ್ದರು. ಪ್ರಬೋಧನೆಯಲ್ಲಿ ನಾನು ಅದನ್ನೇ ಹಿಡಿದು ಇಪ್ಪತ್ತು ನಿಮಿಷ ಮಾತನಾಡಿದೆ. ಆಫ್ರಿಕಾ, ಶ್ರೀಲಂಕಾ, ವಿಶ್ವಬ್ಯಾಂಕ್ ಎಲ್ಲವೂ ಬಂದವು. ಪೂಜೆ ಮುಗಿದ ಮೇಲೆ ಇಬ್ಬರು ಮೂವರು ಕೈಮುಗಿದು “ಒಳ್ಳೆ ಪ್ರಸಂಗ ಸ್ವಾಮಿ” ಎಂದರು. ನನಗೂ ಹಾಗೆಯೇ ಅನಿಸಿತ್ತು.

ಎಲ್ಲರೂ ಹೋದ ಮೇಲೆ ಒಬ್ಬ ತಾಯಿ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ವಿಧವೆ, ಗುಲಾಬಿ ತೋಟದಲ್ಲಿ ಕೂಲಿ. ಮಗಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಧರ್ಮಕೇಂದ್ರಕ್ಕೆ ಕೊಡಬೇಕಾದ ಪತ್ರಕ್ಕಾಗಿ ಬಂದಿದ್ದರು.

“ಸ್ವಾಮಿ, ಕಾಗದ ಬೇಕಾಗಿತ್ತು. ಮೊದಲು ಬಾಕಿ ಕಟ್ಟಬೇಕು ಅಂದ್ರು. ಎಷ್ಟಾಗಿದೆ ನೋಡಿ” ಎಂದು ಸೆರಗಿನ ಗಂಟು ಬಿಚ್ಚತೊಡಗಿದರು.

ಪುಸ್ತಕ ತೆರೆದೆ. ಒಂಬತ್ತು ವರ್ಷದ ಬಾಕಿ, 2,160 ರೂಪಾಯಿ. ಗಂಡ ತೀರಿಕೊಂಡ ವರ್ಷದಿಂದ ಆ ಪುಟ ಕೆಂಪಾಗಿತ್ತು. ಕೊನೆಯ ಕೆಲವು ಸಾಲುಗಳು ನನ್ನದೇ ಕೈಬರಹ.

“ಕಂತಲ್ಲಿ ಕಟ್ಟಬಹುದಾ ಸ್ವಾಮಿ?” ಎಂದು ಕೇಳಿದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಬೆಳಿಗ್ಗೆ ನಾನು ಹೇಳಿದ್ದನ್ನೂ ಈಗ ತಾವು ಕೇಳುತ್ತಿರುವುದನ್ನೂ ಅವರು ಜೊತೆಗಿಟ್ಟು ನೋಡಿರಲಿಲ್ಲ. ನೋಡಿದವನು ನಾನು. ಪತ್ರ ಬರೆದುಕೊಟ್ಟೆ, ಹಣ ಬೇಡವೆಂದೆ. ಅವರು ಹೋದ ಮೇಲೆ ಬಹಳ ಹೊತ್ತು ಆ ಪುಟ ತೆರೆದೇ ಇತ್ತು.

ಸಾಲ ಎಂದರೇನು ಎಂಬುದನ್ನು ನಾನು ಪುಸ್ತಕ ಓದಿ ಕಲಿತವನಲ್ಲ. 1996ರಲ್ಲಿ ನಮ್ಮಪ್ಪ ಬೋರ್‌ವೆಲ್ ಕೊರೆಸಿದರು. ರಾಗಿ, ಅವರೆ ಬೆಳೆಯುತ್ತಿದ್ದ ಎರಡು ಎಕರೆಗೆ ಟೊಮೆಟೊ ಹಾಕುವ ಆಸೆ. 30,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ನೀರು ಎರಡು ಬೇಸಿಗೆ ಬಂತು, ಮೂರನೆಯದಕ್ಕೆ ನಿಂತಿತು. ಬಡ್ಡಿ ನಿಲ್ಲಲಿಲ್ಲ. ತಿಂಗಳಿಗೆ 900, ವರ್ಷಕ್ಕೆ 10,800. ಮೂರು ವರ್ಷದಲ್ಲಿ ಅಪ್ಪ 32,400 ರೂಪಾಯಿ ಕಟ್ಟಿದ್ದರು. ತೆಗೆದುಕೊಂಡದ್ದಕ್ಕಿಂತ ಹೆಚ್ಚು ಕಟ್ಟಿಯಾಗಿತ್ತು, ಅಸಲು 30,000 ಹಾಗೆಯೇ ಉಳಿದಿತ್ತು. ಅಮ್ಮನ ಓಲೆ ಹೋಯಿತು, ಎತ್ತಿನ ಜೋಡಿ ಹೋಯಿತು, ತಂಗಿಯ ಓದು ಎಂಟನೇ ತರಗತಿಗೆ ನಿಂತಿತು. ಮನೆಯಲ್ಲಿ ಬಾಯಿ ತೆರೆದರೆ ಜಗಳ. ಸಂಜೆ ಜಪಸರ ಹೇಳುವಾಗ ಮಾತ್ರ ಎಲ್ಲರ ದನಿ ಒಟ್ಟಿಗೆ ಕೇಳುತ್ತಿತ್ತು. ಸಾಲ ಕೊಟ್ಟವರು ಹೊರಗಿನವರಲ್ಲ, ನಮ್ಮ ದೇವಾಲಯದಲ್ಲೇ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರು. ಅವರ ವರಿಯ ಲೆಕ್ಕ ನೀಲಿ ಶಾಯಿಯಲ್ಲೇ ಇದ್ದಿರಬೇಕು.

1999ರ ಬೇಸಿಗೆ ರಜೆಗೆ ನಾನು ಗುರುಮಠದಿಂದ ಮನೆಗೆ ಬಂದೆ. ಪಾಠ ಹೇಳುತ್ತಿದ್ದ ಗುರುಗಳೊಬ್ಬರು ಒಂದು ಕಟ್ಟು ಕಾಗದ ಕೊಟ್ಟು, ಊರಿನಲ್ಲಿ ಸಹಿ ಮಾಡಿಸಿಕೊಂಡು ಬನ್ನಿ ಎಂದಿದ್ದರು. ಬಡದೇಶಗಳಿಂದ ತೀರಿಸಲಾಗದ ಸಾಲವನ್ನು 2000ದ ಜುಬಿಲಿಯ ಹೊತ್ತಿಗೆ ಮನ್ನಾ ಮಾಡಬೇಕೆಂಬ ಮನವಿ ಅದು. ಅಪ್ಪನ ಮುಂದೆ ಕಾಗದ ಇಟ್ಟು ನನಗೆ ತಿಳಿದಷ್ಟು ವಿವರಿಸಿದೆ. ಅಪ್ಪ ಪೂರಾ ಕೇಳಿದರು.

“ಅಲ್ಲಿಯವರ ಸಾಲಕ್ಕೆ ನನ್ನ ಹೆಬ್ಬೆಟ್ಟು ಕೇಳ್ತಿದ್ದೀಯ ಮಗ. ನನ್ನ ಸಾಲಕ್ಕೆ ಯಾರ ಹೆಬ್ಬೆಟ್ಟು ಕೇಳೋಣ?”

ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು: “ಅವರೂ ಬಡ್ಡಿ ಕಟ್ಟಿ ಕಟ್ಟಿ ಸೋತವರೇನಾ?”

“ಹೂಂ ಅಪ್ಪಾ. ತಗೊಂಡಿದ್ದಕ್ಕಿಂತ ಜಾಸ್ತಿ ಕಟ್ಟಿದ್ದಾರೆ.”

“ಹಂಗಾದ್ರೆ ತಾ.”

ಪೆನ್ನಿನ ಶಾಯಿಯನ್ನೇ ಅವರ ಹೆಬ್ಬೆರಳಿಗೆ ಬಳಿದೆ. ಒತ್ತಿದ ಮೇಲೆ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ, “ಇಷ್ಟು ದಿನ ಸಾಲ ಏರಿಸೋಕೆ ಒತ್ತಿದ್ದೆ. ಇಳಿಸೋಕೆ ಅಂತ ಒತ್ತಿದ್ದು ಇದೇ ಮೊದಲು” ಎಂದರು.

ಬಡದೇಶಗಳು ಸಾಲಕ್ಕೆ ಬಿದ್ದ ಕಥೆ ನಮ್ಮ ಬೋರ್‌ವೆಲ್ ಕಥೆಗಿಂತ ಬಹಳ ಬೇರೆಯಲ್ಲ. 1973ರಲ್ಲಿ ತೈಲದ ಬೆಲೆ ಒಮ್ಮೆಲೇ ಏರಿತು. ತೈಲ ಮಾರಿದ ದೇಶಗಳ ಹಣ ದೊಡ್ಡ ದೊಡ್ಡ ಬ್ಯಾಂಕುಗಳಿಗೆ ಬಂದು ತುಂಬಿತು. ಆ ಬ್ಯಾಂಕುಗಳು ಹಿಂದೆ ಮುಂದೆ ನೋಡದೆ ಲ್ಯಾಟಿನ್ ಅಮೆರಿಕ, ಆಫ್ರಿಕಾದ ಸರ್ಕಾರಗಳಿಗೆ ಸಾಲ ಕೊಟ್ಟವು. 1979ರ ನಂತರ ಅಮೆರಿಕ ತನ್ನ ದೇಶದ ಬೆಲೆಯೇರಿಕೆಯನ್ನು ಹತೋಟಿಗೆ ತರಲು ಬಡ್ಡಿ ದರವನ್ನು ಬಹಳ ಏರಿಸಿತು. ಅಗ್ಗದ ಸಾಲ ದುಬಾರಿಯಾಯಿತು. ಅದೇ ಹೊತ್ತಿಗೆ ಬಡದೇಶಗಳು ಮಾರುತ್ತಿದ್ದ ಸರಕಿನ ಬೆಲೆ ಬಿತ್ತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ತನ್ನಿಂದ ಕಟ್ಟಲಾಗದೆಂದು ಕೈಚೆಲ್ಲಿತು. ಒಂದರ ಹಿಂದೆ ಒಂದು ದೇಶ ಅದೇ ದಾರಿ ಹಿಡಿಯಿತು. ಹಳೆಯ ಸಾಲ ತೀರಿಸಲು ಹೊಸ ಸಾಲ, ಹೊಸ ಸಾಲಕ್ಕೆ ಷರತ್ತು: ಸರ್ಕಾರದ ಖರ್ಚು ಇಳಿಸಬೇಕು. ಖರ್ಚು ಇಳಿದದ್ದು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ. ಟಾಂಜಾನಿಯಾದ ಅಧ್ಯಕ್ಷರಾಗಿದ್ದ ಜೂಲಿಯಸ್ ನ್ಯೆರೆರೆ ನಮ್ಮ ಹಾಗೆಯೇ ಕಥೋಲಿಕರು. ಮಕ್ಕಳನ್ನು ಉಪವಾಸ ಕೆಡವಿ ಸಾಲ ತೀರಿಸಬೇಕೇ ಎಂದು ಅವರು ಸಾಲ ಕೊಟ್ಟವರನ್ನೇ ಕೇಳಿದ್ದರು.

ಸತ್ಯವನ್ನು ಪೂರ್ತಿ ಹೇಳಬೇಕು. ಎಲ್ಲ ಸಾಲವೂ ಜನರ ಹೊಟ್ಟೆಗೆ ಹೋಗಲಿಲ್ಲ. ಜಾಯಿರ್ ದೇಶದ ಮೊಬುಟು ಅಂಥ ಸರ್ವಾಧಿಕಾರಿಗಳು ಅದನ್ನು ತಮ್ಮ ಖಾತೆಗೆ ಹಾಕಿಕೊಂಡರು. ಕೊಟ್ಟವರಿಗೂ ಅದು ಗೊತ್ತಿತ್ತು. ತಿಂದವರು ಯಾರೋ, ತೀರಿಸಬೇಕಾದವರು ಆ ದೇಶದ ಕೂಲಿಯವರು.

1994ರಲ್ಲಿ ಸಂತ ಎರಡನೇ ಜಾನ್ ಪೌಲ್ ಅವರು ಮೂರನೆಯ ಸಹಸ್ರಮಾನದ ಸಿದ್ಧತೆಗಾಗಿ ಬರೆದ ಪತ್ರದಲ್ಲಿ ಯಾಜಕಕಾಂಡದ 25ನೆಯ ಅಧ್ಯಾಯವನ್ನು ನೆನಪಿಸಿದರು. ಐವತ್ತನೆಯ ವರ್ಷದಲ್ಲಿ ಕೊಂಬು ಊದಿ, ಮಾರಿಹೋದ ಹೊಲ ಮೊದಲಿನವರಿಗೆ ಮರಳಬೇಕು, ಜೀತಕ್ಕೆ ಹೋದವನು ಮನೆಗೆ ಮರಳಬೇಕು ಎಂಬುದು ಅಲ್ಲಿನ ಜುಬಿಲಿ. ಹಾಗಾದರೆ ಬಡದೇಶಗಳ ಸಾಲವನ್ನು ಬಹುಮಟ್ಟಿಗೆ ತಗ್ಗಿಸುವುದು, ಸಾಧ್ಯವಾದರೆ ಮನ್ನಾ ಮಾಡುವುದು ಈ ಕಾಲದ ಜುಬಿಲಿಯಾಗಬೇಕೆಂದು ಅವರು ಕೇಳಿದರು. ಧರ್ಮಸಭೆಯ ಸೇವಾಸಂಸ್ಥೆಗಳು, ಇತರ ಕ್ರೈಸ್ತ ಸಭೆಗಳು, ಯಾವ ಧರ್ಮಕ್ಕೂ ಸೇರದವರು ಕೂಡ ‘ಜುಬಿಲಿ 2000’ ಎಂಬ ಚಳವಳಿಯಲ್ಲಿ ಒಂದಾದರು. 1998ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ದೇಶಗಳ ನಾಯಕರು ಸಭೆ ಸೇರಿದಾಗ ಸುಮಾರು 70,000 ಜನ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. ಮನವಿಗೆ ಬಿದ್ದ ಸಹಿಗಳು ಸುಮಾರು 2 ಕೋಟಿ 40 ಲಕ್ಷ. ಅವುಗಳಲ್ಲಿ ಒಂದು ನಮ್ಮಪ್ಪನ ಹೆಬ್ಬೆಟ್ಟು.

ಸಹಿ ಹಾಕಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 1999ರ ಜೂನ್‌ನಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಅದೇ ನಾಯಕರು ಸುಮಾರು 10,000 ಕೋಟಿ ಡಾಲರ್ ಸಾಲ ಮನ್ನಾದ ಮಾತು ಕೊಟ್ಟರು. ಕೆಲಸ ನಿಧಾನವಾಯಿತು, ಷರತ್ತುಗಳು ಬಹಳವಿದ್ದವು. ಆದರೂ ಇಂದಿನವರೆಗೆ 37 ದೇಶಗಳಿಗೆ ಒಟ್ಟು ಅಷ್ಟಕ್ಕಿಂತ ಹೆಚ್ಚು ಸಾಲ ಇಳಿದಿದೆ. ಉಳಿದ ಹಣವನ್ನು ಶಾಲೆಗೆ, ಆರೋಗ್ಯಕ್ಕೆ ಹಾಕಬೇಕೆಂಬುದು ಚಳವಳಿಯ ಬೇಡಿಕೆಯಾಗಿತ್ತು. ನ್ಯೆರೆರೆಯವರ ಟಾಂಜಾನಿಯಾ 2001ರಲ್ಲಿ ಪ್ರಾಥಮಿಕ ಶಾಲೆಯ ಫೀಸನ್ನೇ ತೆಗೆದುಹಾಕಿತು. ಲಕ್ಷಾಂತರ ಮಕ್ಕಳು ಶಾಲೆಯ ಬಾಗಿಲಿಗೆ ಬಂದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಎಂಟನೇ ತರಗತಿಗೆ ನಿಂತ ನನ್ನ ತಂಗಿ.

ನಮ್ಮಪ್ಪನ ಸಾಲ ಮಾತ್ರ ಮನ್ನಾ ಆಗಲಿಲ್ಲ. 2001ರಲ್ಲಿ ಒಂದು ಎಕರೆ ಮಾರಿ ತೀರಿಸಿದರು. ಆ ರಾತ್ರಿ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಹೊಲ ಹೋದ ದುಃಖಕ್ಕಿಂತ ಸಾಲ ಹೋದ ನೆಮ್ಮದಿ ದೊಡ್ಡದಿತ್ತು. ಶಾಂತಿ ಎಂಬ ಪದದ ಅರ್ಥ ನನಗೆ ತಿಳಿದದ್ದು ಆಗ.

ಶಾಂತಿಯನ್ನೂ ಬಡತನವನ್ನೂ ಧರ್ಮಸಭೆ ಬೇರೆ ಬೇರೆಯಾಗಿ ನೋಡುವುದಿಲ್ಲ. ಬಡಜನಾಂಗಗಳ ಏಳಿಗೆಯಿಲ್ಲದೆ ಶಾಂತಿ ನಿಲ್ಲದು ಎಂದು ಸಂತ ಆರನೇ ಪೌಲ್ ಅವರು 1967ರಲ್ಲೇ ಬೋಧಿಸಿದರು. ಮರುವರ್ಷ, 1968ರಿಂದ, ಜನವರಿ ಒಂದನ್ನು ವಿಶ್ವಶಾಂತಿ ದಿನವಾಗಿ ಆಚರಿಸುವ ಪದ್ಧತಿ ತಂದರು.

ಮೊಜಾಂಬಿಕ್ ದೇಶದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 1977ರಿಂದ ಅಲ್ಲಿ ಸರ್ಕಾರಕ್ಕೂ ಬಂಡುಕೋರರಿಗೂ ಯುದ್ಧ. ಸುಮಾರು ಹತ್ತು ಲಕ್ಷ ಜನ ಗುಂಡಿಗೆ, ಹಸಿವಿಗೆ ಬಲಿಯಾದರು. ರೋಮಿನ ಸಂತ ಎಜಿದಿಯೊ ಸಮುದಾಯ ಎಂಬ ಶ್ರೀಸಾಮಾನ್ಯ ಕಥೋಲಿಕರ ಬಳಗ ಆ ದೇಶಕ್ಕೆ ಮೊದಲು ಅನ್ನ, ಔಷಧಿ ಕಳುಹಿಸುತ್ತಿತ್ತು. ಯುದ್ಧ ನಿಲ್ಲದೆ ಅನ್ನ ಸಾಲದು ಎಂದು ಅವರಿಗೆ ಅರಿವಾಯಿತು. ಬೆಯಿರಾದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವೆಸ್, ಬಳಗದ ಸ್ಥಾಪಕ ಆಂದ್ರೆಯ ರಿಕ್ಕಾರ್ದಿ, ಆಗ ಸಾಮಾನ್ಯ ಗುರುವಾಗಿದ್ದು ಇಂದು ಕಾರ್ಡಿನಲ್ ಆಗಿರುವ ಮತ್ತೆಯೊ ಜುಪ್ಪಿ, ಇಟಲಿ ಸರ್ಕಾರದ ಪರವಾಗಿ ಮಾರಿಯೊ ರಫೆಲ್ಲಿ, ಈ ನಾಲ್ವರು ಮಧ್ಯಸ್ಥರಾದರು. ಅವರ ಹಿಂದೆ ಸೈನ್ಯವಿರಲಿಲ್ಲ, ಹಣವಿರಲಿಲ್ಲ. 1990ರ ಜುಲೈನಲ್ಲಿ ಶುರುವಾದ ಮಾತುಕತೆ ಎರಡು ವರ್ಷ ದಾಟಿ, 1992ರ ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಒಪ್ಪಂದವಾಯಿತು. ಮುಂದೆ ಸಾಲ ಮನ್ನಾ ಪಡೆದ ಮೊದಲ ಕೆಲವು ದೇಶಗಳಲ್ಲಿ ಮೊಜಾಂಬಿಕ್ ಒಂದಾಯಿತು.

ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. 2013, 14ರಲ್ಲಿ ಅದೇ ದೇಶದ ಹೆಸರಿನಲ್ಲಿ ಸಂಸತ್ತಿಗೆ ತಿಳಿಸದೆ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಲಾಯಿತು. 2016ರಲ್ಲಿ ಗುಟ್ಟು ಹೊರಬಿದ್ದಾಗ ದೇಶವೇ ಕುಸಿಯಿತು. ಬೇರೆಡೆಯೂ ಸಾಲ ಮತ್ತೆ ಬೆಳೆಯಿತು. 2020ರ ನವೆಂಬರ್‌ನಲ್ಲಿ ಜಾಂಬಿಯಾ, 2022ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ಶ್ರೀಲಂಕಾ ಸಾಲ ಕಟ್ಟಲಾಗದೆ ನಿಂತವು. ಆರೋಗ್ಯಕ್ಕೋ ಶಿಕ್ಷಣಕ್ಕೋ ಹಾಕುವುದಕ್ಕಿಂತ ಹೆಚ್ಚು ಹಣವನ್ನು ಬಡ್ಡಿಗೇ ಕಟ್ಟುವ ದೇಶಗಳಲ್ಲಿ 330 ಕೋಟಿ ಜನ ಬಾಳುತ್ತಿದ್ದಾರೆಂದು ವಿಶ್ವಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತು. ಮತ್ತೊಂದು ಕಡೆ, 2024ರಲ್ಲಿ ಜಗತ್ತು ಸೈನ್ಯಕ್ಕಾಗಿ ಖರ್ಚು ಮಾಡಿದ್ದು ಸುಮಾರು 2 ಲಕ್ಷ 71 ಸಾವಿರ ಕೋಟಿ ಡಾಲರ್.

ಇದನ್ನೆಲ್ಲ ಕಂಡೇ ಪೋಪ್ ಫ್ರಾನ್ಸಿಸ್ ಅವರು 2025ರ ವಿಶ್ವಶಾಂತಿ ದಿನದ ಸಂದೇಶದಲ್ಲಿ ಮೂರು ಮಾತು ಕೇಳಿದರು: ಬಡದೇಶಗಳ ಸಾಲ ಮನ್ನಾ ಮಾಡಿ, ಮರಣದಂಡನೆ ತೆಗೆದುಹಾಕಿ, ಶಸ್ತ್ರಾಸ್ತ್ರದ ಹಣದಲ್ಲಿ ಒಂದು ಪಾಲನ್ನು ಹಸಿವು ನೀಗಲು ಕೊಡಿ. ಸಾಲವನ್ನು ಭರವಸೆಯಾಗಿ ಮಾರ್ಪಡಿಸೋಣ ಎಂಬ ಹೆಸರಿನಲ್ಲಿ ಕಾರಿತಾಸ್ ಸಂಸ್ಥೆ ಮತ್ತೆ ಸಹಿ ಸಂಗ್ರಹ ಆರಂಭಿಸಿತು. ನನ್ನ ಮಾರ್ಚ್ 30ರ ಪ್ರಬೋಧನೆ ಅದರ ಭಾಗವೇ ಆಗಿತ್ತು. ಆ ತಾಯಿ ಬಾಗಿಲಿಗೆ ಬರದಿದ್ದರೆ ಅದು ಪ್ರಬೋಧನೆಯಾಗಿಯೇ ಉಳಿಯುತ್ತಿತ್ತು.

ಏಪ್ರಿಲ್ 21, ಪಾಸ್ಖ ಹಬ್ಬದ ಮರುದಿನ, ಪೋಪ್ ಫ್ರಾನ್ಸಿಸ್ ಪ್ರಭುವಿನಲ್ಲಿ ನಿದ್ರೆಹೋದರು. 26ರಂದು ಅವರ ಅಂತ್ಯಸಂಸ್ಕಾರ. 27, ದೈವಿಕ ಕರುಣೆಯ ಭಾನುವಾರ, ನಾನು ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆ ಕರೆದು ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟೆ. 41 ಕುಟುಂಬಗಳ ಪುಟ ಕೆಂಪಾಗಿತ್ತು. ಅವರಲ್ಲಿ ಹನ್ನೆರಡು ಮನೆಯವರು ಪೂಜೆಗೆ ಬರುವುದನ್ನೇ ಬಿಟ್ಟಿದ್ದರು. ಅವರು ಭಕ್ತಿ ಕಡಿಮೆಯಾಗಿ ಬಿಟ್ಟರೆಂದು ನಾವು ತಿಳಿದಿದ್ದೆವು. ನಾಚಿಕೆಯಿಂದ ಬಿಟ್ಟಿದ್ದರು.

ಈ ಬಾಕಿಯನ್ನೆಲ್ಲ ಹೊಡೆದುಹಾಕೋಣ ಎಂದೆ. ಸಭೆ ಮೌನವಾಯಿತು. ಆಮೇಲೆ ಒಬ್ಬರು ಎದ್ದರು. ಟೈಲರ್ ಕೆಲಸದವರು, ಶ್ರೀಮಂತರಲ್ಲ, ಒಂದು ತಿಂಗಳೂ ತಪ್ಪಿಸದೆ ವರಿ ಕಟ್ಟಿದವರು. “ಹಾಗಾದ್ರೆ ಕಷ್ಟಪಟ್ಟು ಕಟ್ಟಿದ ನಾವು ದಡ್ಡರಾ ಸ್ವಾಮಿ?” ಎಂದರು.

ನ್ಯಾಯವಾದ ಪ್ರಶ್ನೆ. ದುಂದುಗಾರ ಮಗನ ಅಣ್ಣ ಕೇಳಿದ್ದೂ ಇದನ್ನೇ. ದೊಡ್ಡ ದೇಶಗಳ ಖಜಾನೆಯವರು 1998ರಲ್ಲಿ ಕೇಳಿದ್ದೂ ಇದನ್ನೇ: ಸಾಲ ಬಿಟ್ಟರೆ ಪ್ರಾಮಾಣಿಕವಾಗಿ ಕಟ್ಟಿದ ದೇಶದ ಗತಿಯೇನು, ನಾಳೆ ಯಾರು ಕಟ್ಟುತ್ತಾರೆ? ನಾನು ಶುಭಸಂದೇಶ ಹೇಳಿ ಅವರ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಮಾಡಲು ಮನಸ್ಸಾಗಲಿಲ್ಲ. ಉತ್ತರ ಕೊಟ್ಟವರು ಮಂಡಳಿಯ ಹಿರಿಯ ತಾಯಿಯೊಬ್ಬರು.

“ನಾನೂ ಕಟ್ಟಿದ್ದೀನಪ್ಪ. ದೇವರ ಮನೆಗೆ ಕೊಟ್ಟೆ, ನನಗೇನೂ ನಷ್ಟ ಆಗಿಲ್ಲ. ಕೊಡೋಕಾಗದೋರು ಮುಖ ತಪ್ಪಿಸ್ಕೊಂಡು ಓಡಾಡಿದ್ರಲ್ಲ, ನಷ್ಟ ಅದು. ಅದನ್ನ ಯಾವ ಲೆಕ್ಕದಲ್ಲಿ ಬರೀತೀರಿ?”

ಟೈಲರ್ ಅಣ್ಣ ಕುಳಿತರು. ಒಪ್ಪಿದರೆಂದು ಹೇಳಲಾರೆ. ಆದರೆ ವಿರೋಧಿಸಲಿಲ್ಲ. ಅವರ ಮಾತಿನಿಂದಲೇ ನಿರ್ಣಯ ಉತ್ತಮವಾಯಿತು: 2024ರ ಡಿಸೆಂಬರ್‌ವರೆಗಿನ ಎಲ್ಲ ಬಾಕಿ ರದ್ದು. ಇನ್ನು ಮುಂದೆ ಮದುವೆಯ ಪತ್ರವನ್ನಾಗಲಿ, ಜ್ಞಾನಸ್ನಾನದ ಪತ್ರವನ್ನಾಗಲಿ, ಸಮಾಧಿಯ ಜಾಗವನ್ನಾಗಲಿ ಹಣಕ್ಕಾಗಿ ತಡೆಯಬಾರದು. ಕೊಡಲು ಶಕ್ತಿಯಿದ್ದೂ ಕೊಡದೆ ಉಳಿದವರು ಇಷ್ಟವಿದ್ದರೆ ಆ ಹಣವನ್ನು ಬಡಮಕ್ಕಳ ಶಾಲಾ ಫೀಸಿನ ನಿಧಿಗೆ ಹಾಕಲಿ. ಈ ಕೊನೆಯದು ಟೈಲರ್ ಅಣ್ಣನ ಸಲಹೆ. ಟಾಂಜಾನಿಯಾದ ವಿಷಯ ಅವರಿಗೆ ಗೊತ್ತಿರಲಿಲ್ಲ.

ಫಲ ಏನಾಯಿತು? ಏಳು ಮನೆಯವರು ನಿಧಿಗೆ ಹಣ ಹಾಕಿದರು. ಬಿಟ್ಟುಹೋಗಿದ್ದ ಹನ್ನೆರಡು ಕುಟುಂಬಗಳಲ್ಲಿ ನಾಲ್ಕು ಮರಳಿ ಬಂದವು, ಎಂಟು ಬರಲಿಲ್ಲ. ಆ ವರ್ಷ ವರಿ ಕಡಿಮೆ ಬಂತು, ದೇವಾಲಯಕ್ಕೆ ಸುಣ್ಣ ಬಳಿಸುವ ಕೆಲಸ ಮುಂದಕ್ಕೆ ಹೋಯಿತು. ಗೋಡೆಯ ಕಲೆಗಳನ್ನು ನೋಡಿ ಗೊಣಗಿದವರೂ ಇದ್ದಾರೆ. ಮಗಳ ಮದುವೆ ಮಾಡಿದ ಆ ತಾಯಿಗೆ ಹೊರಗಿನ ವಾರದ ಕಂತಿನ ಸಾಲ ಹಾಗೆಯೇ ಇತ್ತು. ಅದನ್ನು ಮನ್ನಾ ಮಾಡುವುದು ನಮ್ಮ ಕೈಯಲ್ಲಿರಲಿಲ್ಲ. ಅವರ ಅನ್ಬಿಯಂನ ಹೆಂಗಸರು ಒಂದು ಸಂಜೆ ಜಪಸರವಾದ ಮೇಲೆ ಎಲ್ಲರ ಸಾಲದ ಚೀಟಿಗಳನ್ನೂ ನಡುವೆ ಹಾಕಿ, ಯಾರಿಗೆ ಎಷ್ಟು ಬಡ್ಡಿ ಬೀಳುತ್ತಿದೆ ಎಂದು ಮೊದಲ ಬಾರಿಗೆ ಲೆಕ್ಕ ಹಾಕಿದರು. ಮಿತಿಮೀರಿದ ಬಡ್ಡಿಯನ್ನು ತಡೆಯುವ ಕಾನೂನು ತಮಿಳುನಾಡಿನಲ್ಲಿ 2003ರಿಂದಲೇ ಇದೆ ಎಂಬುದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಈಗ ತಿಳಿದಿದೆ. ಸಣ್ಣ ಕೆಲಸ, ಆದರೆ ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯ ಓದಿ ನೋಡಿ. ಹೊಲ, ಮನೆ, ಮಕ್ಕಳನ್ನು ಒತ್ತೆಯಿಟ್ಟ ಜನ ಒಟ್ಟಾಗಿ ಕೂಗಿಕೊಂಡಾಗಲೇ ಅಲ್ಲಿಯೂ ಬಿಡುಗಡೆ ಆರಂಭವಾಗುವುದು. ಬಡ್ಡಿ ಬಿಟ್ಟುಬಿಡೋಣ ಎಂದು ಇತರರಿಗೆ ಹೇಳುವ ನೆಹೆಮೀಯ, ತಾನೂ ತನ್ನ ಮನೆಯವರೂ ಸಾಲ ಕೊಟ್ಟಿರುವುದನ್ನು ಅಲ್ಲೇ ಒಪ್ಪಿಕೊಳ್ಳುತ್ತಾನೆ.

ಹದಿನಾಲ್ಕನೇ ಲಿಯೋ ಅವರು 2026ರ ಜನವರಿ 6ರಂದು ರೋಮಿನಲ್ಲಿ ಜುಬಿಲಿಯ ಪವಿತ್ರ ದ್ವಾರವನ್ನು ಮುಚ್ಚಿದರು. ಬಡದೇಶಗಳ ಸಾಲ ಇನ್ನೂ ಮುಚ್ಚಿಲ್ಲ, ಯುದ್ಧಗಳೂ ನಿಂತಿಲ್ಲ. ಆದ್ದರಿಂದ ಕೇಳುವುದನ್ನು ನಾವು ನಿಲ್ಲಿಸಬಾರದು. ಮನವಿಯ ಕಾಗದ ನಿಮ್ಮ ಧರ್ಮಕೇಂದ್ರಕ್ಕೆ ಬಂದಾಗ, ನನ್ನೊಬ್ಬನ ಸಹಿಯಿಂದ ಏನು ಎಂದು ಪಕ್ಕಕ್ಕಿಡಬೇಡಿ. ಒಂದು ಹೆಬ್ಬೆಟ್ಟಿನ ಬೆಲೆಯನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ತಪ್ಪು ಎಂದು ಹೇಳುವ ಕಡೆ, ಸಂತ ಮತ್ತಾಯರ ಗ್ರೀಕ್ ಮೂಲದಲ್ಲಿರುವ ಪದದ ಅರ್ಥ ಸಾಲ ಎಂದೇ. ಇಂದು ಸಂಜೆ ಮನೆಮಂದಿ ಕೂಡಿ ಆ ಪ್ರಾರ್ಥನೆ ಹೇಳುವಾಗ, ನಿಮ್ಮ ಮನೆಯ ಡೈರಿಯಲ್ಲಿ ಯಾರ ಹೆಸರು ಕೆಂಪು ಶಾಯಿಯಲ್ಲಿದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಕೊಡಲಾರದ ಆ ನೆರೆಯವರು, ಆ ತಮ್ಮ, ಆ ಕೆಲಸದಾಕೆ ನಿಮ್ಮನ್ನು ಕಂಡು ದಾರಿ ಬದಲಿಸುತ್ತಿದ್ದರೆ, ಮೊದಲ ಹೆಜ್ಜೆ ನೀವೇ ಇಡಿ.

ಶಾಂತಿಯ ಪ್ರಭು ನಿಮ್ಮ ಮನೆಗಳನ್ನು ಹರಸಲಿ.